ಪಗಾರ ನಿಂತ ಮೇಲೂ ನಿಲ್ಲದ ಕೆಲಸ

1932ರಲ್ಲಿ ಧಾರವಾಡದ ಮಾಸ್ತರರೊಬ್ಬರ ನೌಕರಿ ಹೋಯಿತು. ಆಗ ಅವರಿಗೆ 36 ವರ್ಷ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, 1918ರಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದು ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರಿಕೆ ಹಿಡಿದವರು. ಮರುವರ್ಷ ರಾಣೇಬೆನ್ನೂರಿನಲ್ಲಿ ಲಕ್ಷ್ಮೀಬಾಯಿಯವರ ಜೊತೆ ಮದುವೆಯಾಗಿತ್ತು. ಸಂಸಾರ ಬೆಳೆದಿತ್ತು. ಪಾಠ ಹೇಳಲು ಬರುವುದಿಲ್ಲವೆಂದು ಯಾರೂ ದೂರಿರಲಿಲ್ಲ, ಶಾಲೆಯಲ್ಲಿ ದುಡ್ಡಿಲ್ಲವೆಂದೂ ಅಲ್ಲ. ಅವರ ‘ಗರಿ’ ಸಂಕಲನ ಆ ವರ್ಷ ಹೊರಬಂದಿತ್ತು. ‘ನರಬಲಿ’ ಎಂಬ ಅವರ ಒಂದು ಕವಿತೆ ಬ್ರಿಟಿಷ್ ಸರ್ಕಾರದ ಕಣ್ಣಿಗೆ ರಾಜದ್ರೋಹವಾಗಿ ಕಂಡಿತು. ಕೆಲವು ತಿಂಗಳು ಬೆಳಗಾವಿಯ ಹಿಂಡಲಗಾ ಜೈಲು, ಆಮೇಲೆ ಧಾರವಾಡಕ್ಕೆ ಹತ್ತಿರದ ಮುಗದದಲ್ಲಿ ನಜರಬಂದಿ.

ಮಾಸ್ತರರ ಹೆಸರು ದತ್ತಾತ್ರೇಯ ರಾಮಚಂದ್ರ ಬೇಂದ್ರೆ.

ನಮಗೆ ಗೊತ್ತಿರುವ ಬೇಂದ್ರೆ ಜ್ಞಾನಪೀಠದ ಬೇಂದ್ರೆ. ಸಾಧನಕೇರಿಯ ಮನೆ, ತಲೆಗೆ ರುಮಾಲು, ಕೈಯಲ್ಲಿ ಕೊಡೆ, ಮಾತು ಸುರುವಾದರೆ ಹೊತ್ತಿನ ಪರಿವೆ ಇಲ್ಲದೆ ಕೇಳುವ ಜನ. ಆ ಚಿತ್ರ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಅದರ ಹಿಂದೆ ನೌಕರಿ ಇಲ್ಲದೆ ವರ್ಷಗಟ್ಟಲೆ ಅಲೆದ ಒಬ್ಬ ಮನುಷ್ಯ ಇದ್ದನೆಂಬುದು ಮರೆತೇಹೋಗುತ್ತದೆ. ಈ ಲೇಖನಕ್ಕೆ ಬೇಕಾದದ್ದು ಆ ಮನುಷ್ಯ. 1932ರಿಂದ 1944ರವರೆಗಿನ ಬೇಂದ್ರೆ.

ಯಾಕೆಂದರೆ ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಈಗ ನೌಕರಿ ಹೋದ ಮಾತೇ ಮಾತು. ಬೆಂಗಳೂರಿನಲ್ಲಿರುವ ಮಗನ ಲ್ಯಾಪ್‌ಟಾಪ್ ಒಂದು ಬೆಳಿಗ್ಗೆ ಪಾಸ್‌ವರ್ಡ್ ತೆಗೆದುಕೊಳ್ಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಚ್.ಆರ್. ಕಡೆಯಿಂದ ಫೋನು. ಗೋಕುಲ ರೋಡಿನ ಕಡೆಯ ಯಾವುದೋ ಕಾರ್ಖಾನೆಯಲ್ಲಿ ಮೂರು ಪಾಳಿ ಇದ್ದದ್ದು ಒಂದಾಗುತ್ತದೆ, ಗುತ್ತಿಗೆಯವರಿಗೆ ‘ನಾಳೆಯಿಂದ ಬರಬ್ಯಾಡ್ರಿ’ ಎನ್ನುತ್ತಾರೆ. ಕಾರವಾರ ರಸ್ತೆಯ ಭಾರತ ಮಿಲ್ ಸರ್ಕಲ್ಲಿನ ಹೆಸರು ಹೇಳಿ ಆಟೋ ಹತ್ತುವ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತೋ ಏನೋ, ಈ ಊರು ಗಿರಣಿಯ ಸೈರನ್ನಿಗೆ ಏಳುತ್ತಿದ್ದ ಊರು. ಗಿರಣಿಯ ನೌಕರಿ ಕಳೆದುಕೊಂಡವರ ಮೊಮ್ಮಕ್ಕಳು ಇವತ್ತು ಸಾಫ್ಟ್‌ವೇರ್ ನೌಕರಿ ಕಳೆದುಕೊಳ್ಳುತ್ತಿದ್ದಾರೆ. ಎರಡೂ ಪೀಳಿಗೆಗೆ ಓಣಿಯ ಕಟ್ಟೆ ಕೇಳುವ ಪ್ರಶ್ನೆ ಮಾತ್ರ ಅದೇ: ‘ಈಗ ಏನ್ ಮಾಡಾಕ್ಹತ್ತೀರಿ?’

ಈ ಪ್ರಶ್ನೆಗೆ 1933ರಲ್ಲಿ ಬೇಂದ್ರೆ ಏನು ಉತ್ತರ ಕೊಟ್ಟಿರಬಹುದು? ಸರ್ಕಾರದ ಅನುದಾನದ ಮೇಲೆ ನಡೆಯುವ ಶಾಲೆಗಳು ಜೈಲಿಗೆ ಹೋಗಿಬಂದ ಮಾಸ್ತರನನ್ನು ಒಳಗೆ ಬಿಟ್ಟುಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದ ಕಾಲ ಅದು. 1935ರಲ್ಲಿ ಬೇಂದ್ರೆ ಎಂ.ಎ. ಮಾಡಿಕೊಂಡರು. 39 ವರ್ಷದ, ಅಷ್ಟು ಹೊತ್ತಿಗಾಗಲೇ ಹೆಸರಾದ ಕವಿ ಮತ್ತೆ ವಿದ್ಯಾರ್ಥಿಯಾಗಿ ಪರೀಕ್ಷೆ ಬರೆದರು. ಆ ಡಿಗ್ರಿಯೂ ಕೂಡಲೇ ಅನ್ನ ಕೊಡಲಿಲ್ಲ. ಆಗಿನ್ನೂ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿರಲಿಲ್ಲ, ಕನ್ನಡ ಎಂ.ಎ. ಆದವರಿಗೆ ಈ ಭಾಗದಲ್ಲಿ ಕುರ್ಚಿಗಳೇ ಕಡಿಮೆ. 1942-43ರಲ್ಲಿ ಗದಗಿನ ವಿದ್ಯಾದಾನ ಸಮಿತಿ ಹೈಸ್ಕೂಲಿನಲ್ಲಿ ಸ್ವಲ್ಪ ಕಾಲ ಹೆಡ್‌ಮಾಸ್ತರಿಕೆ. 1943ರಲ್ಲಿ ಶಿವಮೊಗ್ಗದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಕನ್ನಡ ನಾಡು ಕೊಡಬಹುದಾದ ದೊಡ್ಡ ಮರ್ಯಾದೆ ಸಿಕ್ಕಿತು, ಆದರೆ ತಿಂಗಳ ಪಗಾರದ ನೆಲೆ ಸಿಕ್ಕದ್ದು ಅದರ ಮರುವರ್ಷ, ಅದೂ ಧಾರವಾಡದಲ್ಲಿ ಅಲ್ಲ, ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ. ಆಗ ಅವರಿಗೆ 48.

ನಡುವೆ ಹನ್ನೆರಡು ವರ್ಷ. ಆ ಹನ್ನೆರಡು ವರ್ಷದಲ್ಲಿ ಬಂದ ಪುಸ್ತಕಗಳನ್ನು ನೋಡಿ: ‘ಮೂರ್ತಿ ಮತ್ತು ಕಾಮಕಸ್ತೂರಿ’ 1934ರಲ್ಲಿ, ‘ಸಖೀಗೀತ’ 1937ರಲ್ಲಿ, ‘ಉಯ್ಯಾಲೆ’, ‘ನಾದಲೀಲೆ’ 1938ರಲ್ಲಿ, ಕಾಳಿದಾಸನ ‘ಮೇಘದೂತ’ದ ಕನ್ನಡ ರೂಪ 1943ರಲ್ಲಿ. ಹೊಸಗನ್ನಡ ಕಾವ್ಯ ಎಂದಾಗ ಇವತ್ತಿಗೂ ಬಾಯಿಗೆ ಬರುವ ಹಾಡುಗಳಲ್ಲಿ ಎಷ್ಟೋ ಈ ವರ್ಷಗಳವು.

ಇಲ್ಲಿಗೆ ಬಂದಾಗ ಎಲ್ಲರೂ ಒಂದು ಮಾತು ಹೇಳಿಬಿಡುತ್ತಾರೆ. ನೋವೇ ಕವಿಯನ್ನು ಮಾಡಿತು, ಬಡತನದ ಬೆಂಕಿಯಲ್ಲಿ ಕಾವ್ಯ ಪುಟವಾಯಿತು ಎಂದು. ನನಗೆ ಈ ಮಾತು ಒಪ್ಪಿಗೆಯಿಲ್ಲ. ನೌಕರಿ ಕಳೆದುಕೊಂಡವನ ಮುಂದೆ ನಿಂತು ‘ಆದದ್ದೆಲ್ಲಾ ಒಳ್ಳೇದಕ್ಕ’ ಎನ್ನುವವರು ಆ ಮನೆಯ ಕಿರಾಣಿ ಲೆಕ್ಕ ನೋಡಿದವರಲ್ಲ. ಬೇಂದ್ರೆ ದಂಪತಿಗೆ ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಉಳಿದದ್ದು ಮೂವರು. ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಪದ್ಯ ಮಗುವನ್ನು ಕಳೆದುಕೊಂಡ ಮನೆಯಲ್ಲಿ ಹೆಂಡತಿ ಗಂಡನನ್ನು ನೋಡಿದ ನೋಟದಿಂದ ಹುಟ್ಟಿದ್ದು. ಆ ಪದ್ಯ ಕನ್ನಡಕ್ಕೆ ಸಿಕ್ಕಿತೆಂದು ಆ ಸಂಕಟ ಬೇಕಿತ್ತು ಎನ್ನಲು ಯಾರಿಗೂ ಹಕ್ಕಿಲ್ಲ.

ನನಗೆ ಕಾಣುವುದು ಬೇರೆ. ಬೇಂದ್ರೆಯವರ ಹುರುಪು ನೌಕರಿ ಹೋದ ಮೇಲೆ ಹುಟ್ಟಿದ್ದಲ್ಲ. ಅದು ಮೊದಲೇ ಇತ್ತು, ಮತ್ತು ನೌಕರಿಯಿಂದ ಬೇರೆಯಾಗಿ ಇತ್ತು. ಅವರು ಬರೆಯುತ್ತಿದ್ದದ್ದು ಅಂಬಿಕಾತನಯದತ್ತ ಎಂಬ ಹೆಸರಿನಲ್ಲಿ. ಬೇಂದ್ರೆ ಬೇರೆ, ಒಳಗಿನಿಂದ ಹಾಡುವ ಈ ದತ್ತ ಬೇರೆ ಎಂದು ಅವರೇ ಹೇಳುತ್ತಿದ್ದರು. ಹಾಗಾಗಿ 1932ರಲ್ಲಿ ಸರ್ಕಾರಕ್ಕೆ ಕಿತ್ತುಕೊಳ್ಳಲು ಆದದ್ದು ಮಾಸ್ತರ ಬೇಂದ್ರೆಯ ಕೆಲಸವನ್ನು ಮಾತ್ರ. ಅಂಬಿಕಾತನಯದತ್ತನಿಗೆ ನೇಮಕದ ಪತ್ರವನ್ನೇ ಯಾರೂ ಕೊಟ್ಟಿರಲಿಲ್ಲ, ಹಿಂತೆಗೆದುಕೊಳ್ಳುವವರು ಯಾರು?

ಇನ್ನೊಂದು, ಅವರು ಒಂಟಿಯಾಗಿರಲಿಲ್ಲ. 1922ರಿಂದ ಧಾರವಾಡದಲ್ಲಿ ಗೆಳೆಯರ ಗುಂಪು ಇತ್ತು. ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಜಿ.ಬಿ. ಜೋಶಿ ಹೀಗೆ ಬಂದು ಸೇರಿದವರು ಹಲವರು. ನವರಾತ್ರಿಯನ್ನು ನಾಡಹಬ್ಬವಾಗಿ ಆಚರಿಸುವ ಪದ್ಧತಿ ಈ ಗುಂಪಿನಿಂದ ಬಂದದ್ದು. ಬೇಂದ್ರೆಯವರ ಕೈ ಖಾಲಿಯಾಗಿದ್ದ ಕಾಲದಲ್ಲೇ, 1933ರಲ್ಲಿ, ಜಿ.ಬಿ. ಜೋಶಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಸುರು ಮಾಡಿದರು. ಗೆಳೆಯರಲ್ಲಿ ದುಡ್ಡಿದ್ದವರು ಕಡಿಮೆ, ಆದರೆ ಒಬ್ಬರ ಬರಹಕ್ಕೆ ಇನ್ನೊಬ್ಬರು ಕಾಯುತ್ತಿದ್ದರು. ಬೆಂಗಳೂರಿನಲ್ಲಿದ್ದ ಮಾಸ್ತಿಯವರಂತೂ ಬೇಂದ್ರೆಯವರಿಗೆ ಅಣ್ಣನ ಜಾಗದಲ್ಲಿ ನಿಂತರು.

ಸಮಾಧಾನ ಹೇಳುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ. ‘ಹೊಸಾದ ಏನ್ ಬರದೀರಿ, ಓದ್ರಿ’ ಎಂದು ಕೇಳುವವರು ಸಿಗುವುದು ಅಪರೂಪ. ಕೆಲಸ ಕಳೆದುಕೊಂಡ ಗೆಳೆಯನಿಗೆ ನಾವು ಧೈರ್ಯ ತುಂಬಲು ಹೋಗುತ್ತೇವೆ, ಲಿಂಕು ಕಳಿಸುತ್ತೇವೆ, ರೆಸ್ಯೂಮೆ ತಿದ್ದಲು ಹೇಳುತ್ತೇವೆ. ಅವನಿಗೆ ಮಾತ್ರ ಬರುವ ಒಂದು ಕೆಲಸವನ್ನು ಅವನಿಂದ ಕೇಳುವುದಿಲ್ಲ. ಕೇಳಿದರೆ ನೊಂದುಕೊಂಡಾನು ಎಂಬ ಸಂಕೋಚ. ಆ ಸಂಕೋಚವೇ ಅವನನ್ನು ಮೂಲೆಗೆ ತಳ್ಳುತ್ತದೆ ಎಂದು ನನಗೆ ಅನಿಸುತ್ತದೆ.

ಬೇಂದ್ರೆ ಮುಗದದ ನಜರಬಂದಿಯಲ್ಲಿದ್ದ ಆಚೀಚೆಯ ದಿನಗಳಲ್ಲೇ ಬಹಳ ದೂರದ ಇನ್ನೊಂದು ಹಳ್ಳಿಯಲ್ಲಿ ನೌಕರಿ ಇಲ್ಲದವರ ಬದುಕನ್ನು ಕೆಲವು ಸಂಶೋಧಕರು ಹತ್ತಿರದಿಂದ ನೋಡುತ್ತಿದ್ದರು. ಆಸ್ಟ್ರಿಯದ ವಿಯೆನ್ನಾ ಹತ್ತಿರದ ಮಾರಿಯೆಂಟಾಲ್. ಇಡೀ ಊರು ಒಂದು ಜವಳಿ ಗಿರಣಿಯನ್ನು ನಂಬಿಕೊಂಡಿತ್ತು. 1929ರ ಆರ್ಥಿಕ ಕುಸಿತದ ಹೊಡೆತಕ್ಕೆ ಗಿರಣಿ ಮುಚ್ಚಿತು. ಮರೀ ಯಹೋಡ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಟ್ಸೈಸೆಲ್ ಮತ್ತು ಅವರ ಸಂಗಡಿಗರು 478 ಕುಟುಂಬಗಳ ಆ ಊರಿಗೆ ಹೋಗಿ, ಜನ ಏನು ತಿನ್ನುತ್ತಾರೆ, ಹೊತ್ತು ಹೇಗೆ ಕಳೆಯುತ್ತಾರೆ, ಎಷ್ಟು ಓದುತ್ತಾರೆ ಎಂದೆಲ್ಲ ಬರೆದಿಟ್ಟುಕೊಂಡರು. 1933ರಲ್ಲಿ ಅದು ಪುಸ್ತಕವಾಯಿತು.

ಅವರು ಅಂದುಕೊಂಡದ್ದೇ ಬೇರೆ, ಕಂಡದ್ದೇ ಬೇರೆ. ಕೆಲಸ ಇಲ್ಲದವರಿಗೆ ಪುರಸತ್ತು ಜಾಸ್ತಿ, ಹಾಗಾದರೆ ಓದು ಜಾಸ್ತಿ ಆಗಬೇಕಲ್ಲ? ಊರ ಲೈಬ್ರರಿಯಿಂದ ಹೋಗುವ ಪುಸ್ತಕಗಳ ಸಂಖ್ಯೆ ಸರಿಸುಮಾರು ಅರ್ಧಕ್ಕೆ ಇಳಿದಿತ್ತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವನ್ನೂ ಅವರು ಗಡಿಯಾರ ಹಿಡಿದು ನೋಡಿದರು. ಹೆಜ್ಜೆ ನಿಧಾನವಾಗಿತ್ತು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಇವತ್ತು ಏನೇನು ಮಾಡಿದಿರಿ ಎಂದು ಕೇಳಿದರೆ ಬೆಳಿಗ್ಗೆ ಎದ್ದದ್ದು, ಊಟ ಮಾಡಿದ್ದು, ಮಲಗಿದ್ದು ಬಿಟ್ಟರೆ ಹೇಳಲು ಬರುತ್ತಿರಲಿಲ್ಲ. ಹೊತ್ತು ಎಷ್ಟು ಬೇಕಾದರೂ ಇತ್ತು, ಅದಕ್ಕೆ ಹಿಡಿಕೆ ಇರಲಿಲ್ಲ.

ಹೆಂಗಸರು ಮಾತ್ರ ಬೇಗ ಬೇಗ ನಡೆಯುತ್ತಿದ್ದರು. ಗಿರಣಿ ಮುಚ್ಚಿದರೂ ಒಲೆ ಮುಚ್ಚಿರಲಿಲ್ಲ. ಹರಿದ ಬಟ್ಟೆಗೆ ತೇಪೆ ಹಾಕುವುದು, ಇದ್ದುದರಲ್ಲಿ ಅಡಿಗೆ ಹೊಂದಿಸುವುದು ಮೊದಲಿಗಿಂತ ಹೆಚ್ಚಿನ ಕೆಲಸವಾಗಿತ್ತು.

ಎಷ್ಟೋ ವರ್ಷದ ಮೇಲೆ ಯಹೋಡ ಇದನ್ನೇ ಒಂದು ವಿಚಾರವಾಗಿ ಬೆಳೆಸಿದರು. ನೌಕರಿ ಪಗಾರವನ್ನಷ್ಟೇ ಕೊಡುವುದಿಲ್ಲ. ದಿನಕ್ಕೊಂದು ಕಟ್ಟುಪಾಡು, ಮನೆಯ ಹೊರಗಿನ ಜನರ ಸಂಗ, ಹತ್ತು ಮಂದಿ ಕೂಡಿ ಮಾಡುವ ಕೆಲಸದಲ್ಲಿ ಪಾಲು, ಸಮಾಜದಲ್ಲಿ ಒಂದು ಜಾಗ, ಕೈಕಾಲಿಗೆ ಚಟುವಟಿಕೆ ಇವೆಲ್ಲವನ್ನೂ ನಮಗೆ ಗೊತ್ತಿಲ್ಲದಂತೆಯೇ ಕೊಡುತ್ತಿರುತ್ತದೆ ಎಂದರು. ಪಗಾರ ನಿಂತರೆ ಗೊತ್ತಾಗುತ್ತದೆ, ಉಳಿದವು ನಿಂತದ್ದು ಗೊತ್ತಾಗುವುದಿಲ್ಲ. ಮನಸ್ಸು ಯಾಕೆ ಮಂಕಾಯಿತೆಂದು ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ. ‘ನನ್ನೊಳಗ ಹುರುಪ ಉಳದಿಲ್ಲ’ ಎನ್ನುವ ಹುಡುಗನಿಗೆ ನಾನು ಮೊದಲು ಹೇಳುವುದು ಇದನ್ನೇ. ಅದು ನಿನ್ನ ಗುಣದ ದೋಷವಲ್ಲಪ್ಪಾ, ನಿನ್ನ ದಿನದ ಕಂಬಗಳನ್ನು ಯಾರೋ ಒಮ್ಮೆಲೇ ಕಿತ್ತಿದ್ದಾರೆ.

ಹಾಗಾದರೆ ಹುರುಪು ಎಲ್ಲಿಂದ ವಾಪಸು ಬರುತ್ತದೆ? ಪುಸ್ತಕದಂಗಡಿಯಲ್ಲಿ ಸಿಗುವ ಯಶಸ್ಸಿನ ಸೂತ್ರಗಳು ಅದನ್ನು ನಿನ್ನೊಳಗೇ ಹುಡುಕು ಎನ್ನುತ್ತವೆ. ನಾನು ನೋಡಿದ ಮಟ್ಟಿಗೆ ಅದು ಮೊದಲು ಕೈಗೆ ಬರುತ್ತದೆ, ಮನಸ್ಸಿಗೆ ಆಮೇಲೆ.

ನನ್ನ ಪರಿಚಯದ ಒಬ್ಬ ಟರ್ನರ್ ಇದ್ದಾರೆ. ಹಳೇ ಹುಬ್ಬಳ್ಳಿಯವರು, ಐವತ್ತು ದಾಟಿದವರು. ಹುಬ್ಬಳ್ಳಿ ವಾಲ್ವ್ ತಯಾರಿಕೆಗೆ ಹೆಸರಾದ ಊರು. ಅಂಥದೊಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಆಯುಷ್ಯ ಸವೆಸಿದ ಕೈ ಅದು. ಕಂಪ್ಯೂಟರ್ ಚಾಲಿತ ಯಂತ್ರಗಳು ಬಂದವು, ಹಳೇ ಲೇತ್‌ಗಳು ಗುಜರಿಗೆ ಹೋದವು, ಅವುಗಳ ಹಿಂದೆ ಇವರೂ ಹೊರಗೆ ಬಂದರು. ಬಂದ ಹಣ ಮಗಳ ಮದುವೆಯ ಸಾಲಕ್ಕೆ ಸರಿಹೋಯಿತು. ಮೊದಮೊದಲು ಮನೆಯಲ್ಲಿ ಟಿ.ವಿ. ಮುಂದೆ ಕೂತರು, ಮಾತು ಕಡಿಮೆಯಾಯಿತು. ಆಮೇಲೆ ತಾರಿಹಾಳ ಕೈಗಾರಿಕಾ ವಸಾಹತಿನಲ್ಲಿ ಶೆಡ್ ಇಟ್ಟುಕೊಂಡ ಹಳೇ ಸಂಗಡಿಗರೊಬ್ಬರು ಒಂದು ಬುಷ್ ಅಳತೆ ಕೂಡುತ್ತಿಲ್ಲ, ಬಂದು ನೋಡಿಕೊಡಿರಿ ಎಂದು ಕರೆದರು. ಪಗಾರದ ಮಾತು ಇರಲಿಲ್ಲ.

ನಾನು ಅಲ್ಲಿ ನಿಂತು ನೋಡಿದ್ದೇನೆ. ಗನ್‌ಮೆಟಲ್ಲಿನ ತುಂಡನ್ನು ಚಕ್ಕಿನಲ್ಲಿ ಹಿಡಿದು, ಕೈಯಿಂದ ಮೆಲ್ಲಗೆ ತಿರುಗಿಸಿ ನೇರ ಕೂತಿದೆಯೋ ಇಲ್ಲವೋ ನೋಡುತ್ತಾರೆ. ಮರದ ತುಂಡಿನಿಂದ ಎರಡು ಸಲ ತಟ್ಟುತ್ತಾರೆ. ಮತ್ತೆ ತಿರುಗಿಸುತ್ತಾರೆ. ಮೋಟರ್ ಹಾಕಿದ ಮೇಲೆ ಮೊದಲ ಕಟ್ಟಿಂಗ್ ದಪ್ಪ, ಚೂರುಗಳು ಹಳದಿ ಹಿಟ್ಟಿನಂತೆ ಉದುರುತ್ತವೆ. ಕೊನೆಯ ಕಟ್ಟಿಂಗ್‌ಗೆ ಬಂದಾಗ ಯಂತ್ರ ನಿಲ್ಲಿಸಿ, ಅಂಗಿಯ ಕಿಸೆಯಲ್ಲಿ ಹಳದಿ ಬಟ್ಟೆಯಲ್ಲಿ ಸುತ್ತಿಟ್ಟ ಮೈಕ್ರೋಮೀಟರ್ ತೆಗೆಯುತ್ತಾರೆ. ಅದು ಅವರ ಸ್ವಂತದ್ದು. ಬೆರಳ ತುದಿಯಿಂದ ತಿರುವಿ, ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುವ ಆ ಬೆರಳು ನಿಂತ ಮೇಲೆ ಓದುತ್ತಾರೆ. ಉಳಿದದ್ದು ಮಿಲಿಮೀಟರಿನ ನೂರರಲ್ಲಿ ಎರಡು ಭಾಗ. ಅದನ್ನು ತೆಗೆದು, ಬುಷ್ ಬಿಚ್ಚಿ, ಶಾಫ್ಟಿನ ಮೇಲೆ ಇಟ್ಟು ಒತ್ತಿದರು. ಎಣ್ಣೆ ಹಚ್ಚಿದ ಶಾಫ್ಟಿನ ಮೇಲೆ ಅದು ತಾನಾಗಿ ಸರಿದು ಕೂತಿತು. ಆಗ ಅವರ ಮುಖ ನೋಡಬೇಕಿತ್ತು.

‘ಕೈ ಸುಮ್ನ ಕೂತ್ರ ಮೈಕ್ರೋಮೀಟರ್ ತಿರವೂ ಹದಾನ ಮರತ ಬಿಡ್ತಾವರಿ ಸರ’ ಎಂದರು. ‘ಟಿ.ವಿ. ಮುಂದ ಕೂತಾಗ ನಾ ಯಾರೂ ಅಲ್ಲ ಅನಸ್ತಿತ್ತು. ಇಲ್ಲಿ ಬಂದ್ರ ನಾ ಟರ್ನರ.’

ಈಗ ಸಂಗಡಿಗರು ಕೆಲಸಕ್ಕೆ ತಕ್ಕಂತೆ ದುಡ್ಡು ಕೊಡುತ್ತಾರೆ. ಅದು ಹಳೆಯ ಪಗಾರಕ್ಕೆ ಸಮನಲ್ಲ. ಆ ಮನೆ ನಡೆದದ್ದು ಬೇರೆ ಕಡೆಯಿಂದ, ಮತ್ತು ಇದನ್ನು ಹೇಳದಿದ್ದರೆ ಕಥೆ ಸುಳ್ಳಾಗುತ್ತದೆ. ಅವರ ಹೆಂಡತಿ ಕೇಶ್ವಾಪುರದ ಎರಡು ಖಾನಾವಳಿಗಳಿಗೆ ಜೋಳದ ಖಡಕ್ ರೊಟ್ಟಿ ಬಡಿದು ಕೊಡತೊಡಗಿದರು. ಬೆಳಗಿನ ಐದಕ್ಕೆ ಎಸರು ಇಟ್ಟು ಹಿಟ್ಟು ನಾದಿದರೆ ಒಲೆ ಆರುವುದು ಹನ್ನೊಂದಕ್ಕೆ. ಬಟ್ಟೆಯ ಮೇಲೆ ಹರವಿದ ರೊಟ್ಟಿ ಮಳೆಗಾಲದಲ್ಲಿ ಬೇಗ ಗರಿಯಾಗುವುದಿಲ್ಲ, ಅದಕ್ಕೆ ಮತ್ತೆ ಹಂಚಿನ ಬಿಸಿ ತೋರಿಸಬೇಕು. ನೌಕರಿ ಹೋದ ದಿನಗಳ ಬಗ್ಗೆ ನಾನು ಕೇಳಿದಾಗ ಆ ತಾಯಿ ರೊಟ್ಟಿ ತಿರುವುತ್ತಲೇ ಹೇಳಿದರು: ‘ಅವರ ಫ್ಯಾಕ್ಟ್ರಿ ಬಂದ್ ಆತರಿ. ನನ್ನ ಒಲಿ ಎಂದ ಬಂದ್ ಆಗಿತ್ತು?’

ಮಾರಿಯೆಂಟಾಲಿನ ಬೀದಿಯಲ್ಲಿ ಬೇಗ ನಡೆಯುತ್ತಿದ್ದ ಹೆಂಗಸರು ನನಗೆ ನೆನಪಾದದ್ದು ಆಗ. ಲಕ್ಷ್ಮೀಬಾಯಿಯವರೂ ನೆನಪಾದರು. ‘ಸಖೀಗೀತ’ ಬೇಂದ್ರೆಯವರ ದಾಂಪತ್ಯದ ಕಥನ, ಹೆಂಡತಿಯನ್ನು ಸಖಿಯೆಂದು ಕರೆದು ಹೇಳಿಕೊಂಡ ಸುಖದುಃಖ. ಅದು ಬಂದದ್ದು ನೌಕರಿ ಇಲ್ಲದ ವರ್ಷಗಳ ನಟ್ಟನಡುವೆ. ಆ ಹನ್ನೆರಡು ವರ್ಷ ಕನ್ನಡ ಕಾವ್ಯ ಶ್ರೀಮಂತವಾಯಿತು ಎಂದು ಹೇಳುವಾಗ, ಅದರ ಖರ್ಚು ಯಾರ ಪಾಲಿಗೆ ಬಂತು ಎಂಬುದನ್ನೂ ಬರೆದಿಡಬೇಕು. ಹೆರಿಗೆ, ಬಾಣಂತನ, ಮಕ್ಕಳ ಸಾವು, ಇಲ್ಲದ ಮನೆಯಲ್ಲಿ ಬಂದವರಿಗೆ ಚಹಾ. ಬೇಂದ್ರೆಯವರ ಮನೆಗೆ ಬರುವವರೇನು ಕಡಿಮೆಯೇ!

ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಬಂದು ಸಪ್ತಾಪುರದ ಕಡೆ ನಡೆದರೆ ಕಾಣುವುದು ಇದೇ ವಿಷಯದ ಇನ್ನೊಂದು ಮುಖ. ಕೋಚಿಂಗ್ ಸೆಂಟರುಗಳ ಬೋರ್ಡು, ರೂಮು ಬಾಡಿಗೆಗಿದೆ ಎಂಬ ಚೀಟಿ, ಜೆರಾಕ್ಸ್ ಅಂಗಡಿ, ಮತ್ತು ಓಣಿ ಓಣಿಗೆ ಖಾಸಗಿ ರೀಡಿಂಗ್ ರೂಮು. ತಿಂಗಳಿಗೆ ಇಷ್ಟು ಎಂದು ಕೊಟ್ಟರೆ ಒಂದು ಕುರ್ಚಿ, ಒಂದು ಮೇಜು, ತಲೆಯ ಮೇಲೆ ಒಂದು ದೀಪ. ವಿಜಯಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳದ ಕಡೆಯ ಹುಡುಗ ಹುಡುಗಿಯರು ಸರ್ಕಾರಿ ನೌಕರಿಯ ಪರೀಕ್ಷೆಗೆ ಇಲ್ಲಿ ಕೂತು ಓದುತ್ತಾರೆ. ಅವರಲ್ಲಿ ಈಗ ಖಾಸಗಿ ನೌಕರಿ ಕಳೆದುಕೊಂಡು ಬಂದವರೂ ಇದ್ದಾರೆ.

ನೌಕರಿ ಕೈಗೆ ಬಂದೂ ಹೋಗುವುದೆಂದರೆ ಏನೆಂದು ಈ ಓಣಿಗಳಿಗೆ ಚೆನ್ನಾಗಿ ಗೊತ್ತು. 545 ಪಿ.ಎಸ್.ಐ. ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು, ಬರೆದವರು 50,000ಕ್ಕೂ ಹೆಚ್ಚು. 2022ರ ಜನವರಿಯಲ್ಲಿ ತಾತ್ಕಾಲಿಕ ಆಯ್ಕೆ ಪಟ್ಟಿ ಬಂತು. ಊರಿನಲ್ಲಿ ಪೇಡೆ ಹಂಚಿದ್ದಾಯಿತು, ಹಾರ ಹಾಕಿದ್ದಾಯಿತು. ಅಕ್ರಮ ಹೊರಬಿದ್ದು ಏಪ್ರಿಲ್ ಕೊನೆಗೆ ಪರೀಕ್ಷೆಯೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಕಳ್ಳರ ಜೊತೆಗೆ ಪ್ರಾಮಾಣಿಕವಾಗಿ ಬರೆದು ಪಾಸಾದವರೂ ಮತ್ತೆ ಮೊದಲ ಪುಟಕ್ಕೆ ಬಂದು ಕೂತರು. ಈ ಅನ್ಯಾಯದ ಬಗ್ಗೆ ಆಡಬೇಕಾದಷ್ಟು ಮಾತು ಈ ನಾಡು ಇನ್ನೂ ಆಡಿಲ್ಲ.

ಇಷ್ಟಾದರೂ ಆ ಹುಡುಗರು ರೀಡಿಂಗ್ ರೂಮಿಗೆ ಮರಳಿ ಬಂದದ್ದು ಯಾಕೆ? ಹಟ ಎನ್ನುತ್ತಾರೆ. ನನಗೆ ಅನಿಸುವುದು, ಯಹೋಡ ಹೇಳಿದ ಐದರಲ್ಲಿ ನಾಲ್ಕನ್ನಾದರೂ ಆ ರೂಮು ಕೊಡುತ್ತದೆ. ಆರಕ್ಕೆ ಏಳಬೇಕು, ತನ್ನ ಕುರ್ಚಿ ಇದೆ, ಪಕ್ಕದಲ್ಲಿ ತನ್ನಂಥವನೇ ಒಬ್ಬ, ಹತ್ತು ಗಂಟೆಗೆ ಕೂಡಿ ಚಹಾ, ಸಂಜೆ ಕೆ.ಸಿ.ಡಿ. ಮೈದಾನದಲ್ಲಿ ಓಟ. ‘ಏನ್ ಮಾಡ್ತಿ?’ ಎಂದು ಕೇಳಿದರೆ ‘ಓದಾಕ್ಹತ್ತೀನ್ರಿ’ ಎಂಬ ಮರ್ಯಾದೆಯ ಉತ್ತರವೂ ಇದೆ. ಧಾರವಾಡ ಇದನ್ನು ಯಾರೂ ಹೇಳಿಕೊಡದೆ ಕಟ್ಟಿಕೊಂಡಿದೆ. ಇದರ ಅಪಾಯವೂ ಇದರಲ್ಲೇ ಇದೆ. ಕುರ್ಚಿ ಅಷ್ಟು ಆಸರೆ ಕೊಡುತ್ತದೆ, ವರ್ಷಗಳು ಸರಿದದ್ದು ಗೊತ್ತಾಗುವುದಿಲ್ಲ. ವಯೋಮಿತಿ ಮುಗಿಯುವ ಹೊತ್ತಿಗೆ ಕೈಯಲ್ಲಿ ಇನ್ನೊಂದು ಕಸುಬು ಇಲ್ಲದವರನ್ನು ನಾನು ಬಹಳ ಮಂದಿ ನೋಡಿದ್ದೇನೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸರ್ಕಾರದ ಪಾಲಿನ ಮಾತು ಸಣ್ಣದು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಕೊಡುತ್ತದೆ, ಹೆಚ್ಚೆಂದರೆ ಎರಡು ವರ್ಷ. ಅದು ಈಗಷ್ಟೇ ಓದು ಮುಗಿಸಿ ಕೆಲಸ ಸಿಗದವರಿಗೆ. ನಲವತ್ತೆಂಟರಲ್ಲಿ ಕೆಲಸ ಕಳೆದುಕೊಂಡ ಟರ್ನರನಿಗೆ, ನಲವತ್ತರಲ್ಲಿ ಹೊರಬಿದ್ದ ಟೆಸ್ಟಿಂಗ್ ಎಂಜಿನಿಯರಿಗೆ ಅಂಥ ಬಾಗಿಲು ಇಲ್ಲ. ಅವರನ್ನು ನೋಡಿಕೊಳ್ಳುವುದು ಮನೆಯವರು, ಓಣಿಯವರು, ಗೆಳೆಯರು.

ಆದ್ದರಿಂದಲೇ ಮನೆಯವರಿಗೆ ಒಂದು ಮಾತು. ಬೆಂಗಳೂರಿನಿಂದ ಬ್ಯಾಗು ಹಿಡಿದು ಬಂದ ಮಗನನ್ನು ಮದುವೆ ಮುಂಜಿಗೆ ಕರೆದೊಯ್ಯಲು ಹಿಂಜರಿಯಬೇಡಿ, ಬೀಗರು ಕೇಳಿದರೆ ‘ವರ್ಕ್ ಫ್ರಂ ಹೋಮ್ ಐತ್ರಿ’ ಎಂದು ಸುಳ್ಳು ಹೇಳಬೇಡಿ. ಆ ಸುಳ್ಳನ್ನು ಕೇಳಿಸಿಕೊಂಡ ಮಗನಿಗೆ ತನ್ನ ಸತ್ಯ ಹೇಳಲು ನಾಚುವಂಥದ್ದು ಎಂದು ತಿಳಿಯುತ್ತದೆ. ರಾಜದ್ರೋಹದ ಕೇಸಿನಲ್ಲಿ ನೌಕರಿ ಕಳೆದುಕೊಂಡವನನ್ನು ಧಾರವಾಡ ತೊಂಬತ್ತು ವರ್ಷದ ಹಿಂದೆ ಸಭೆಗೆ ಕರೆದು ಕೂಡಿಸಿ ಹಾಡಿಸಿತು. ಕಂಪನಿಯ ಲೆಕ್ಕಾಚಾರಕ್ಕೆ ನೌಕರಿ ಕಳೆದುಕೊಂಡವನ ತಪ್ಪು ಅದಕ್ಕಿಂತ ದೊಡ್ಡದೇ?

ಬೇಂದ್ರೆ ಸೊಲ್ಲಾಪುರಕ್ಕೆ ಹೋದದ್ದನ್ನೂ ಮರೆಯಬಾರದು. ಧಾರವಾಡದ ಆಡುಮಾತನ್ನೇ ಉಸಿರು ಮಾಡಿಕೊಂಡ ಕವಿ, ಮರಾಠಿಯ ಮಾತು ಹೆಚ್ಚು ಕೇಳುವ ಗಿರಣಿಗಳ ಊರಿಗೆ ಹೋಗಿ ಹನ್ನೆರಡು ವರ್ಷ ಕನ್ನಡ ಕಲಿಸಿದರು. ಸೊಲ್ಲಾಪುರದಲ್ಲಿ ಕನ್ನಡಿಗರು ಇದ್ದರು, ಇದ್ದಾರೆ. ಆದರೂ ಅದು ಸಾಧನಕೇರಿಯಲ್ಲ. ಊರು ಬಿಡಲಾರೆ ಎಂದು ಹಟ ಹಿಡಿದಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವರು ಹೋದರು, ದುಡಿದರು, ಬರೆದರು. 1956ರಲ್ಲಿ ಧಾರವಾಡ ಆಕಾಶವಾಣಿಯ ಸಲಹೆಗಾರರಾಗಿ ಮರಳಿ ಬಂದರು, ಅರವತ್ತರ ವಯಸ್ಸಿನಲ್ಲಿ. ‘ಅರಳು ಮರಳು’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1958ರಲ್ಲಿ, ‘ನಾಕುತಂತಿ’ಗೆ ಜ್ಞಾನಪೀಠ 1973ರಲ್ಲಿ. ಇವೆಲ್ಲ ಬಂದದ್ದು ನೌಕರಿಯ ಪ್ರಶ್ನೆ ಮುಗಿದ ಮೇಲೆ. ಹೊಟ್ಟೆಗೆ ಕಷ್ಟವಿದ್ದಾಗ ಅವರು ಯಾವ ಪ್ರಶಸ್ತಿಗೂ ಕಾಯುತ್ತ ಕೂತಿರಲಿಲ್ಲ.

ಟರ್ನರ್ ದಂಪತಿಗೂ ಈಗ ಇಂಥದೇ ಒಂದು ಪ್ರಶ್ನೆ ಬಂದಿದೆ. ಬೆಳಗಾವಿಯ ಉದ್ಯಮಬಾಗದ ಒಂದು ವರ್ಕ್‌ಶಾಪ್‌ನವರು ಹಳೇ ಕೈ ಬೇಕು, ಹುಡುಗರಿಗೆ ಅಳತೆ ಕಲಿಸಬೇಕು ಎಂದು ಹೇಳಿಕಳಿಸಿದ್ದಾರೆ. ವಾರಕ್ಕೊಮ್ಮೆ ಊರಿಗೆ ಬರಬಹುದು. ಅವರಿಗೆ ಹೋಗುವ ಆಸೆ ಇದೆ, ರೊಟ್ಟಿಯ ಗಿರಾಕಿಗಳನ್ನು ಬಿಟ್ಟು ಹೆಂಡತಿ ಬರುವುದಿಲ್ಲ, ಹಾಗೆ ಕೇಳುವುದೂ ಸರಿಯಲ್ಲ ಎಂಬುದು ಅವರಿಗೇ ಗೊತ್ತು. ನಾನು ಹೋದ ದಿನ ಇದೇ ಮಾತು ನಡೆದಿತ್ತು. ಗಂಡ ಅಳೆದು ಸುರಿದು ಮಾತಾಡುತ್ತಿದ್ದರು. ಹೆಂಡತಿ ರೊಟ್ಟಿಯ ಗಂಟು ಕಟ್ಟಿ, ಎದ್ದು ನಿಂತು ಹೇಳಿದರು: ‘ಸೋಮವಾರ ಹೋಗಿ ನೋಡಿ ಬರ್ರಿ. ಪಗಾರ ಎಷ್ಟು ಕೊಡ್ತಾರಂತ ನಾಚಗೊಳ್ದ ಬಾಯಿ ಬಿಟ್ಟು ಕೇಳ್ರಿ. ಖೋಲಿ ಬಾಡಿಗಿ ಅವರ ಕೊಡಬೇಕು ಅಂತನೂ ಹೇಳ್ರಿ.’